ಅಕ್ಕಿ ಕೊಟ್ಟ ಮನೆ ಮತ್ತು ಸೌಟು

ಹಿತ್ತಿಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಎದುರಿಗೆ ಅತ್ತೆ. ಬೆರಳಿಂದ ಚಿಮ್ಮಿದ ಬೇಳೆ ಆಗಾಗ ಅವರ ಮಡಿಲಿಗೆ ಬೀಳುತ್ತಿತ್ತು. ಬೈಯುತ್ತಲೇ ಎತ್ತಿ ಪಾತ್ರೆಗೆ ಹಾಕುತ್ತಿದ್ದರು. ಆಗ ನಾದಿನಿ ಫೋನ್ ಹಿಡಿದುಕೊಂಡೇ ಓಡಿಬಂದಳು.

"ಅತ್ತಿಗೆ, ಸೋಮ್ವಾರದಿಂದ ಬಾ ಅಂದ್ರು!"

ಕೈಯೆಲ್ಲ ಸಿಪ್ಪೆಯಾಗಿತ್ತು. ಹಾಗೆಯೇ ಕೈ ಮುಗಿದೆ. ಮಾರಮ್ಮ ಕಣ್ಣು ಬಿಟ್ಟಳು ಅನ್ನಿಸಿತು.

ನಾದಿನಿ ಹೊಸೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ವೈರು ಜೋಡಿಸುತ್ತಾಳೆ. ತಮಿಳು ಸೀಮೆಗೆ ಸೇರಿದ ಕನ್ನಡದ ಊರು ನಮ್ಮದು; ಹತ್ತಿರದ ರಾಯಕೋಟೆಗೆ ಕಂಪನಿ ಬಸ್ಸು ಬರುತ್ತದೆ. ಕಾರ್ಖಾನೆಯಲ್ಲಿ ಮೇಜುಗಳ ಮೇಲೆ ಎಐ ಕ್ಯಾಮೆರಾ ಹಾಕಿದ್ದಾರೆ. ಯಾರ ಕೈ ಎಷ್ಟು ಹೊತ್ತು ಸುಮ್ಮನಿತ್ತು ಎಂದು ನೋಡುವುದೂ ಅದೇ, ತೀರ್ಮಾನ ಹೇಳುವುದೂ ಅದೇ. ನಮ್ಮವಳು ಹೊಸ ಟ್ರೇ ಬಂದಾಗಲೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಮೊರಕ್ಕೆ ಕಾಲು ತಾಗಿದರೂ, ಹೊಸ ಮೂಟೆ ಬಿಚ್ಚಿದರೂ ನಮ್ಮ ಮನೆಯಲ್ಲಿ ಎಲ್ಲರೂ ಮಾಡುವುದೇ ಅದು. ಕ್ಯಾಮೆರಾಕ್ಕೆ ಅದು ಕೆಲಸಗಳ್ಳತನವಾಗಿ ಕಂಡಿತು. ಮನೆಯಲ್ಲಿರು, ಹೇಳಿ ಕಳಿಸುತ್ತೇವೆ ಎಂದರು. ಅದೇ ಮೇಜಿಗೆ ಬೇರೆ ಪಾಳಿಯಲ್ಲಿ ಬರುವ ನಾಟ್ರಾಂಪಾಳ್ಯದ ಹುಡುಗಿಯನ್ನೂ ಕ್ಯಾಮೆರಾದ ಮಾತಿನ ಮೇಲೆಯೇ ಹೀಗೆ ಊರಿಗೆ ಕಳಿಸಿದ್ದರು.

"ನಮ್ಮ ಸೂಪರ್‌ವೈಸರ್ರು ತಾವೇ ಕೂತು ವೀಡಿಯೋ ನೋಡುದ್ರಂತೆ ಅತ್ತಿಗೆ. ನಾನೂ ದಿನಾ ಗಾಡಿ ಕೀ ಕಣ್ಣಿಗೊತ್ಕೊಂತೀನಲ್ಲಮ್ಮ ಅಂತ ನಗ್ತಾವ್ರೆ."

"ಆ ಹುಡುಗೀದು?" ಎಂದೆ.

ಅವಳ ಮುಖ ಇಳಿಯಿತು. "ಅವ್ಳುದ್ನ ಯಾರೂ ನೋಡಿಲ್ಲ. ಆ ಪಾಳಿಯೋರು, ಮಿಷನ್ ಹೇಳುದ್ಮೇಲೆ ಮುಗೀತು ಅಂದವ್ರೆ. ಕಾನೂನ್ನಾಗೂ ನಮ್ ಸಾಲು ತಗ್ದಾಕವ್ರಂತೆ."

ಇಂಥ ಯಂತ್ರಗಳಿಗೆಂದು ಸರ್ಕಾರದವರು ಹೊಸ ಕಾನೂನು ಬರೆಯುತ್ತಿದ್ದರು. ಯಂತ್ರ ಹೇಳಿತೆಂದಷ್ಟಕ್ಕೇ ಯಾರನ್ನೂ ಕೆಲಸದಿಂದ ತೆಗೆಯಬಾರದು, ಒಬ್ಬ ಮನುಷ್ಯ ನೋಡಬೇಕು, ಅವರ ಮಾತನ್ನೂ ಕೇಳಬೇಕು ಎಂದು ಕರಡಿನಲ್ಲಿತ್ತು. ಕಾರ್ಮಿಕ ಸಂಘದವರು ಅದನ್ನು ತಮಿಳಿನಲ್ಲಿ ಓದಿ ಹೇಳಿದ ದಿನ ನಾನು ದೀಪಕ್ಕೆ ಒಂದು ಬತ್ತಿ ಹೆಚ್ಚು ಹಾಕಿದ್ದೆ. ಈಗ ಆ ಸಾಲೇ ಇಲ್ಲ.

ಜಗುಲಿಯಿಂದ ನಮ್ಮ ಮನೆಯವರು ಪತ್ರಿಕೆ ಮಡಚುತ್ತಾ ಒಳಗೆ ಬಂದರು. "ಮಿಷನ್ ಮಾರೋ ಕಂಪನಿಯೋರು ಎಲೆಕ್ಷನ್‌ಗೆ ದುಡ್ಡು ಕೊಟ್ಟವ್ರೆ. ಅವ್ರ ಕಡೆಯೋರೇ ಹೋಗಿ ಕಾನೂನು ಬರ್ಯೋರ ಪಕ್ಕದಾಗೆ ಕೂತವ್ರೆ. ಇನ್ನೇನಾಯ್ತದೆ?"

ಅತ್ತೆ ಕೈ ನಿಲ್ಲಿಸಿದರು. "ಅಕ್ಕಿ ಕೊಟ್ಟೋರ ಕೈಗೇ ಸೌಟು ಕೊಟ್ಟವ್ರಾ?"

ನಮ್ಮೂರ ಮಾರಮ್ಮನ ಗುಡಿಯಲ್ಲಿ ಊರೂಟ ನಡೆಯುವಾಗ, ಅಕ್ಕಿ ಕೊಟ್ಟ ಮನೆಯವರು ಅವತ್ತು ಸೌಟು ಮುಟ್ಟುವ ಹಾಗಿಲ್ಲ. ಅವರು ಬಡಿಸಿದರೆ ತಮ್ಮವರ ಎಲೆ ಮೊದಲು ಕಾಣುತ್ತದೆ ಎಂದು ಹಿಂದಿನವರು ಮಾಡಿಟ್ಟ ಕಟ್ಟುಪಾಡು. ಕೊಟ್ಟವರು ಕೊನೆಯ ಪಂಕ್ತಿಗೆ ಕೂರಬೇಕು.

"ನಿಮ್ಮಪ್ಪ ಮೂಟೆ ಅಕ್ಕಿ ಕೊಟ್ಟ ವರ್ಸ ಸಾರು ಮುಗ್ದೋಗಿ ಬರೀ ಮಜ್ಜಿಗೆ ಅನ್ನ ಉಂಡು ಬಂದ್ರು ಕಣ್ಲಾ," ಎಂದರು ಅತ್ತೆ. "ಮನೆಗೆ ಬಂದು ನನ್ ಮ್ಯಾಲೆ ರೇಗುದ್ರು. ಅಲ್ಲಿ ಮಾತ್ರ ಬಾಯಿ ಬಿಡ್ಲಿಲ್ಲ."

ನಾದಿನಿ ನಗಲಿಲ್ಲ. "ನಾಳೆ ಕೃಷ್ಣಗಿರೀಲಿ ಸಭೆ ಅದೆ. ಕಾನೂನಿನ ಬಗ್ಗೆ ಜನ ಹೇಳೋದ್ನ ಆಫೀಸರ್ರು ಬರ್ಕೊಂತಾರಂತೆ. ಬಾ ಅಂತ ಸಂಘದೋರು ಕರೀತಾವ್ರೆ."

"ನಿನ್ ಕೆಲ್ಸ ನಿನಗೆ ಸಿಕ್ತಲ್ಲ, ಸುಮ್ಕಿರು," ಎಂದರು ಇವರು. "ಕಂಪನಿಯೋರೂ ಬಂದಿರ್ತಾರೆ. ನೀನು ಎದ್ದು ಮಾತಾಡೋದು ಕಂಡ್ರೆ ಸೋಮ್ವಾರ ಬಸ್ ಹತ್ತುಸ್ಕೊಂತಾರಾ?"

ಅವರ ಭಯ ಸುಳ್ಳಲ್ಲ. ಆದರೆ ನಮ್ಮವಳಿಗೆ ಒಳ್ಳೆಯ ಮನುಷ್ಯ ಸಿಕ್ಕಿದ್ದ. ಅದು ತಾಯಿಯ ದಯೆ, ಇಲ್ಲ ಅನ್ನುವುದಿಲ್ಲ. ಆ ಹುಡುಗಿಗೆ ಸಿಕ್ಕಿರಲಿಲ್ಲ. ಅಂಥವನು ಸಿಗದವರಿಗೂ ಆಸರೆ ಇರಲಿ ಎಂದಲ್ಲವೇ ಆ ಸಾಲು ಬರೆದಿದ್ದು?

ನಾದಿನಿ ಬಗ್ಗಿ, ನೆಲಕ್ಕೆ ಚಿಮ್ಮಿದ್ದ ಬೇಳೆಯೊಂದನ್ನು ಎತ್ತಿ ಪಾತ್ರೆಗೆ ಹಾಕಿದಳು. ಆಮೇಲೆ ಅತ್ತೆಯನ್ನು ಕೇಳಿದಳು. "ಅಮ್ಮ, ಸೌಟಿನ ಮಾತು ತಮಿಳಲ್ಲಿ ಹೇಳುದ್ರೆ ಅವ್ರಿಗೆ ತಿಳೀತದಾ?"

"ಹಸಿದು ಎಲೆ ಮುಂದೆ ಕೂತೋರಿಗೆ ಯಾವ ಭಾಷೇಲಾದ್ರೂ ತಿಳೀತದೆ. ಹೋಗು."

ಇವರು ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಬೆಳಿಗ್ಗೆ ನಾನೇ ಬಸ್ ಸ್ಟ್ಯಾಂಡಿಗೆ ಬುಟ್ಟು ಬತ್ತೀನಿ. ಜಾಸ್ತಿ ಕೂಗಾಡ್ಬ್ಯಾಡ," ಎಂದು ಜಗುಲಿಗೆ ಹೋದರು.

ನಾದಿನಿ ಅಲ್ಲೇ ನಿಂತು ಆ ಹುಡುಗಿಗೆ ಫೋನ್ ಮಾಡಿದಳು. ಅವಳು ಸಂಜೆಯ ಬಸ್ಸಿಗೆ ಹೊರಟು ಬಂದು ರಾತ್ರಿ ನಮ್ಮಲ್ಲೇ ಉಳಿದು, ಬೆಳಿಗ್ಗೆ ಇಬ್ಬರೂ ಕೂಡಿ ಹೋಗುವುದೆಂದಾಯಿತು. ಸಭೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಹಿತುಕಿದ ಬೇಳೆ ಪಾತ್ರೆ ತುಂಬಿತ್ತು, ಎಲ್ಲರಿಗೂ ಸಾಕಾಗುತ್ತಿತ್ತು. ಕೈ ತೊಳೆದು ಒಳಗೆ ಹೋಗಿ, ಇನ್ನೊಂದು ಮುದ್ದೆಗಾಗುವಷ್ಟು ನೀರು ಹೆಚ್ಚಿಗೆ ಹಾಕಿ ಎಸರಿಟ್ಟೆ.