ಅಕ್ಕ ಬಿಟ್ಟ ಅವರೆಕಾಯಿ

ಇಲಿ ಬಿದ್ದರೆ ಊರನ್ನೇ ಬಿಟ್ಟು ಹೊಲಕ್ಕೆ ಹೋಗುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಮಹಾರಾಜರಿದ್ದರು, ಗಾವಡಗೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಪ್ಲೇಗಿತ್ತು. ನನ್ನ ವಯಸ್ಸಿನವರು ಯಾರಾದರೂ ಉಳಿದಿದ್ದರೆ ಅವರಿಗೂ ನೆನಪಿರಬಹುದು. ಸೂರಿನಿಂದ ಇಲಿಯೊಂದು ಬಿದ್ದು ಸತ್ತರೆ ಸಾಕು, ಒಲೆಯ ಮೇಲಿನ ಮಡಕೆ ಇಳಿಸಿ, ಗಾಡಿಗೆ ಸಾಮಾನು ತುಂಬಿ, ಬಾಗಿಲಿಗೆ ಮುಳ್ಳು ಬಡಿದು ಊರಿಗೆ ಊರೇ ಹೊರಡುತ್ತಿತ್ತು.

ಆ ವರ್ಷ ರಾಗಿ ಕೊಯ್ಲು ಮುಗಿದು ಹೊಲದಲ್ಲಿ ಅವರೆ ಸಾಲು ಮಾತ್ರ ನಿಂತಿತ್ತು. ಅದರ ಪಕ್ಕದಲ್ಲೇ ನಾವು ಗುಡಿಸಲು ಹಾಕಿಕೊಂಡೆವು. ಎರಡನೆಯ ಕ್ಲಾಸಿಗೆ ನನ್ನ ಓದು ನಿಂತದ್ದೂ ಆಗಲೇ. ನನಗೇನು, ಹಬ್ಬ. ಬೆಳಗಾದರೆ ಇಬ್ಬನಿಯಲ್ಲಿ ಅವರೆಕಾಯಿ ಕೀಳುವುದು, ಕೈಗೆಲ್ಲ ಸೊಗಡು ಹತ್ತಿಸಿಕೊಂಡು ಬಂದು ಬೂದಿಯಲ್ಲಿ ಸುಟ್ಟು ತಿನ್ನುವುದು.

ನನ್ನ ಅಕ್ಕ ಚೆಲುವಮ್ಮ ಚೊಚ್ಚಲ ಬಾಣಂತನಕ್ಕೆಂದು ಹೆಗ್ಗಡದೇವನಕೋಟೆ ಕಡೆಯ ಗಂಡನ ಮನೆಯಿಂದ ಬಂದಿದ್ದಳು. ಕೂಸು ಗಂಡು. ಎಳೆಗೂಸಿಗೆ ಹೊಸ ಬಟ್ಟೆ ಹಾಕುವಂತಿರಲಿಲ್ಲ, ಮನೆಯ ಹಿರಿಯಳು ಉಟ್ಟು ಸವೆಸಿದ ಸೀರೆಯೇ ಆಗಬೇಕು. ಅಜ್ಜಿಯ ಹಳೆ ಸೀರೆಗಳ ಗಂಟು ಊರೊಳಗಿನ ಮನೆಯಲ್ಲೇ ಉಳಿದುಬಿಟ್ಟಿತ್ತು.

"ಕಂಬಳಿ ಚುಚ್ಚಿ ಕೂಸಿನ ಮೈಯೆಲ್ಲ ಕೆಂಪಾಗ್ಯದೆ ಕಣವ್ವ," ಎಂದಳು ಅಕ್ಕ.

"ಆಗ್ಲಿ ಬುಡು. ಊರೊಳಗಿಂದ ಒಂದು ಕಡ್ಡಿನೂ ತರಂಗಿಲ್ಲ. ಮಾರಿ ಅದ್ರ ಜೊತೇಲೇ ಬತ್ತಾಳೆ," ಎಂದಳು ಅವ್ವ.

ನಾನು ಊರೊಳಗಿನ ಮನೆಗೆ ಹೋದದ್ದು ಸೀರೆಗಾಗಿ ಅಲ್ಲ. ಚೌಕಾಬಾರ ಆಡುವ ಕವಡೆಗಳನ್ನು ಗೋಡೆಯ ಗೂಡಿನಲ್ಲಿ ಬಿಟ್ಟು ಬಂದಿದ್ದೆ. ಅವ್ವ ನೀರಿಗೆ ಹೋದಾಗ ಓಡಿದೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಹಿತ್ತಿಲ ಗೋಡೆ ಹತ್ತಿ ಇಳಿದೆ. ಕವಡೆ ಸಿಕ್ಕಿದವು. ತಿರುಗಿದರೆ ಅಟ್ಟದ ಕೆಳಗೆ ಅಜ್ಜಿಯ ಸೀರೆ ಗಂಟು, ಅದರ ಮೇಲೆ ಸತ್ತ ಇಲಿ. ಪೊರಕೆ ಕಡ್ಡಿಯಿಂದ ಇಲಿಯನ್ನು ತಳ್ಳಿ, ಮೆತ್ತಗಿನ ಒಂದು ಸೀರೆ ಎಳೆದುಕೊಂಡೆ. ಅಕ್ಕ ಹೊಗಳಲಿ ಎಂಬ ಆಸೆ, ಅಷ್ಟೆ.

"ಎಲ್ಲಿತ್ತೇ ಇದು?" ಅವ್ವ ಕೇಳಿದಳು.

"ಗಾಡಿ ಮೂಟೆ ಅಡೀಲಿತ್ತು."

ಅಕ್ಕ ನನ್ನ ಕೆನ್ನೆ ಹಿಂಡಿದಳು. "ನಿಮ್ಗೆಲ್ಲ ಕಣ್ಣೇ ಇಲ್ಲ, ನಮ್ ಪುಟ್ಟಿಗೇ ಇರೋದು. ನನ್ ಚಿನ್ನ ಕಣೇ ನೀನು!" ಕೂಸು ಆ ಸೀರೆಯ ಮೇಲೆ ಸುಖವಾಗಿ ನಿದ್ದೆ ಮಾಡಿತು.

ಆ ವಾರವೇ ಅವ್ವ ಹಿದುಕಿದ ಅವರೆಯ ಸಾರು ಮಾಡಿದಳು. ಹಾಲು ಕುಡಿಯುವ ಕೂಸಿಗೆ ನಂಜು ಎಂದು ಬಾಣಂತಿ ಅದನ್ನು ಮುಟ್ಟಬಾರದು. ಅಕ್ಕ ಆ ವಾಸನೆಗೆ ಸೋತು, "ಒಂದೇ ಒಂದು ಸೌಟು ಕಣವ್ವ," ಎಂದು ಗೋಗರೆದಳು. ಅವ್ವ ಮನಸ್ಸು ಕರಗಿ ಬಡಿಸಿದಳು. ಮಾರನೆಯ ದಿನ ಕೂಸಿಗೆ ಮೈ ಸುಟ್ಟುಹೋಗುವಂಥ ಜ್ವರ. ಹಾಲು ಕುಡಿಯಲಿಲ್ಲ, ಅಳಲೂ ಇಲ್ಲ. ಹೊತ್ತು ಮುಳುಗುವುದರೊಳಗೆ ತೀರಿಹೋಯಿತು. ಕಂಕುಳಲ್ಲಾಗಲಿ ತೊಡೆಸಂದಿಯಲ್ಲಾಗಲಿ ಗೆಡ್ಡೆ ಕಾಣಲಿಲ್ಲವಾದ್ದರಿಂದ ಪ್ಲೇಗು ಎಂದು ಯಾರೂ ಅನ್ನಲಿಲ್ಲ.

ಅಕ್ಕನ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದರು. ಇಳಿದವರು ನೀರು ಕೂಡ ಮುಟ್ಟಲಿಲ್ಲ.

"ಏನವ್ವ ಬೀಗಿತ್ತಿ, ಹಸಿ ಬಾಣಂತಿಗೆ ಅವರೆಕಾಯಿ ಇಕ್ಕಿ ನನ್ ಮೊಮ್ಮಗನ್ನ ತಿಂದ್ಬುಟ್ರಲ್ಲ! ನಾಲಿಗೆ ಕಟ್ಟಕ್ಕಾಗ್ದೋಳು ಇವ್ಳೂ ಒಬ್ಳು ತಾಯಾ?"

ಅವ್ವ ತಲೆ ತಗ್ಗಿಸಿದಳು. ಅಕ್ಕ ನೆಲ ನೋಡುತ್ತ ಕುಳಿತಿದ್ದಳು. ನಾನು ಗುಡಿಸಲ ಕಂಬ ಹಿಡಿದು ನಿಂತಿದ್ದೆ. ಸತ್ತ ಇಲಿಯ ಮಾತು ಬಾಯಿಯವರೆಗೆ ಬಂತು. ಅವ್ವ ಹೊಡೆದಾಳೆಂದು ನುಂಗಿಕೊಂಡೆ.

ಅವತ್ತೇ ಅಕ್ಕನನ್ನು ಕರೆದುಕೊಂಡು ಹೋದರು. ಮತ್ತೆ ಬಾಣಂತನಕ್ಕೆ ತೌರಿಗೆ ಕಳಿಸಲಿಲ್ಲ. ಅವ್ವ ಸತ್ತಾಗ ಮಣ್ಣಿಗೆ ಬಂದು ಸಂಜೆಗೇ ಹೊರಟಳು. ಅಕ್ಕ ಆ ಮನೆಯಲ್ಲೇ ಐದು ಮಕ್ಕಳನ್ನು ಹೆತ್ತಳು, ತನ್ನನ್ನು ಬೈದ ಅತ್ತೆಯನ್ನು ಹಾಸಿಗೆ ಹಿಡಿದಾಗ ಎತ್ತಿ ತೊಳೆದಳು, ಗಂಡನ ಕಣ್ಣು ಹೋದ ಮೇಲೆ ಕೈಹಿಡಿದು ಹೊಲಕ್ಕೆ ಕರೆದೊಯ್ದಳು. ಅವಳ ಹೆಗಲ ಮೇಲೆ ಮಲಗದೆ ಬೆಳೆದ ಮೊಮ್ಮಗು ಇಲ್ಲ. ಅವರೆ ಕಾಲ ಬಂದರೆ ಅಷ್ಟು ಜನಕ್ಕೂ ಕಾಳು ಹಿದುಕಿ ಸಾರು ಮಾಡಿ ಬಡಿಸಿ, ತಾನು ಮಜ್ಜಿಗೆಯಲ್ಲಿ ಮುದ್ದೆ ನುಂಗುತ್ತಿದ್ದಳು.

ನನ್ನ ಮದುವೆಯಾದ ಮೇಲೆ ನಮ್ಮೂರಿಗೆ ಸೂಜಿ ಹಾಕಲು ಬಂದವರೊಬ್ಬರು, ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆ, ಬಟ್ಟೆಬರೆಯಲ್ಲೂ ಅವು ಇರುತ್ತವೆ ಎಂದು ಹೇಳಿದರು. ಅಂದು ನಾನು ಊಟ ಮಾಡಲಿಲ್ಲ. ಹೋಗಿ ಅಕ್ಕನಿಗೆ ಹೇಳಲೂ ಇಲ್ಲ.

ಅವಳ ಕೊನೆಯ ವರ್ಷ ನೋಡಲು ಹೋಗಿದ್ದೆ. ಜಗಲಿಯಲ್ಲಿ ಇಬ್ಬರೇ ಕೂತಿದ್ದೆವು.

"ಆ ಕೂಸಿದ್ದಿದ್ರೆ ಈಗ ಅವ್ನೂ ಮುದುಕ ಆಗಿರೋನು, ಅಲ್ವೇ ಪುಟ್ಟಿ? ಒಂದು ಸೌಟು ಸಾರಿಗೆ ಕಳ್ಕಂಬುಟ್ಟೆ."

"ಅಕ್ಕ, ಅದು ಸಾರಿಂದಲ್ಲ..." ಎಂದೆ.

ಅವಳು ನನ್ನತ್ತ ತಿರುಗಿದಳು. ನಿಜಕ್ಕೂ ಕೇಳುವವಳ ಮುಖ ಅದು.

"ದೇವರ ಇಚ್ಛೆ ಕಣಕ್ಕ," ಎಂದುಬಿಟ್ಟೆ.

"ಹೂಂ, ಎಲ್ರೂ ಅಂಗೇ ಅಂತಾರೆ," ಎಂದು ಮುಖ ತಿರುಗಿಸಿದಳು.

ಅವಳು ಹೋಗಿ ಮೂರು ಮಳೆಗಾಲ ಕಳೆದವು. ನಮ್ಮ ಗುಡಿಸಲುಗಳಿದ್ದ ಹೊಲದಲ್ಲಿ ಈಗ ಹೊಗೆಸೊಪ್ಪು ಬೆಳೆಯುತ್ತಾರೆ. ಅವರೆ ಸಾಲು ಹೋದದ್ದಕ್ಕೆ ನನಗೆ ದುಃಖವಿಲ್ಲ. ನನ್ನನ್ನು ಪುಟ್ಟಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಎಲ್ಲ ಹೇಳಿ, ಅವಳಿಂದ ಎರಡು ಏಟು ತಿಂದು ಬರಬಹುದಾಗಿದ್ದ ಮನೆ ಒಂದೇ ಒಂದಿತ್ತು. ಅಲ್ಲಿಗೆ ಹೋಗಿಯೂ ಆ ಸೀರೆಯ ಮಾತು ಹೇಳದೆ ಬಂದೆ.