ಸಾವಿನ ಮನೆಯ ಕಾಫಿ

ನಾನು ಶಿವಮೊಗ್ಗದ ಒಂದು ಕಾಲೇಜಲ್ಲಿ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕ್ತಿದ್ದೆ. ಕಾಲೇಜಿಗೇ ಸೇರದವನೊಬ್ಬನನ್ನು ಫೈನಲ್‌ನಲ್ಲಿ ಆಡಿಸಿದರು ಅಂತ ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಅವತ್ತು ಕೋಚ್, "ತಿಂಡಿ ಆಯ್ತಾ ಮಾರಾಯ?" ಅಂತ ಹೆಗಲ ಮೇಲೆ ಕೈ ಹಾಕಿದರು. ಯಾವತ್ತೂ ಕೇಳಿದವರಲ್ಲ. ನನಗೆ ಅನುಮಾನ ಬಂತು.

ಇಬ್ಬರೂ ಸಾಹೇಬರ ಮುಂದೆ ಹೋದ ಮೇಲೆ ಕೋಚ್ ನನ್ನ ಕಡೆ ಕೈ ತೋರಿಸಿ ಅಂದರು: "ಫೈನಲ್ ದಿನ ನಾನು ಮೈದಾನದಲ್ಲೇ ಇರಲಿಲ್ಲ ಸಾರ್. ಇವನ ಹೆಂಡತಿ ತೀರಿಕೊಂಡಿದ್ದಳು, ಭದ್ರಾವತಿಗೆ ಹೋಗಿದ್ದೆ. ಹೆಣ ಎತ್ತೋ ಮುಂಚೆ ಮನೆಯವರು ಬಿಸಿ ಕಾಫೀನೂ ಮಾಡಿಕೊಟ್ರು, ಪಾಪ."

"ಹೌದೇನಪ್ಪಾ?" ಅಂತ ಸಾಹೇಬರು ನನ್ನ ಕೇಳಿದರು.

ನಂದು ದಿನಗೂಲಿ. ಇಟ್ಕೊಳ್ಳೋದು ಬಿಡೋದು ಕೋಚ್ ಕೈಲಿ.

"ಹೆಣ ಇರೋ ಮನೇಲಿ ಒಲೆ ಹಚ್ಚಲ್ಲ ಸಾರ್," ಅಂದೆ.

ಹಚ್ಚೋದಾದರೂ ಯಾರು? ನಮ್ಮನೇಲಿ ಕಾಫಿ ಮಾಡೋಕೆ ಬರ್ತಿದ್ದದ್ದು ಅವಳೊಬ್ಬಳಿಗೇ.