ಅಬ್ಬಾನ ಕೆಮ್ಮು ಸ್ಪಷ್ಟವಾದರೆ ಸ್ಪೀಕರು ಪಾಸು

ಬೇ ಏರಿಯಾದ ಡಬ್ಲಿನ್‌ನ ಆ ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಸಾಲು ಮನೆಗಳ ನಡುವೆ ಒಂದೇ ಒಂದು ಗರಾಜಿನ ಬಾಗಿಲು ಮೊಳದಷ್ಟು ಮೇಲೆದ್ದಿದೆ. ಒಳಗೆ ಲುಬ್ನಾ ದುಪಟ್ಟಾವನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡು, ಮೇಜಿನ ಮೇಲೆ ಅಂಗಾತ ಮಲಗಿಸಿದ ಹಳೆಯ ಸ್ಪೀಕರಿನ ಮೇಲೆ ಬಾಗಿದ್ದಾರೆ. ಸದ್ದು ಹೊಮ್ಮಿಸುವ ಕಪ್ಪು ಕಾಗದದ ಕೋನಿನ ಮೇಲೆ ಎರಡೂ ಕೈಗಳ ಬೆರಳಿಟ್ಟು, ಮಗುವಿನ ಹೊಟ್ಟೆ ಮುಟ್ಟಿ ನೋಡುವಷ್ಟು ಮೆತ್ತಗೆ ಒತ್ತುತ್ತಾರೆ, ಬಿಡುತ್ತಾರೆ, ಕಿವಿ ಹತ್ತಿರ ತರುತ್ತಾರೆ.

ಕರ್ ಎಂದು ಮರಳು ಉಜ್ಜಿದಂಥ ಸಣ್ಣ ಸದ್ದು.

“ಇನ್ನೂ ಐತಿ,” ಎನ್ನುತ್ತಾರೆ ಲುಬ್ನಾ, ತಮ್ಮಷ್ಟಕ್ಕೆ ತಾವೇ.

ಮನೆಯೊಳಗಿನಿಂದ ಗಂಡ ಸೊಹೈಲ್ ಚಹಾದ ಕಪ್ಪು ಹಿಡಿದು ಬರುತ್ತಾರೆ. ಮೆನ್ಲೋ ಪಾರ್ಕಿನ ಕಂಪನಿಯೊಂದಕ್ಕೆ ನೌಕರರನ್ನು ಕರೆದೊಯ್ಯುವ ಬಸ್ಸಿನ ಚಾಲಕ ಅವರು. ಫ್ರೀವೇ ತುಂಬುವ ಮೊದಲೇ ಹೊರಡಬೇಕು. “ನೋಡ್ರಿ, ನನ್ನ ಗಾಡಿ ಹೊರಗ ಥಂಡ್ಯಾಗ ನಡುಗತೈತಿ. ಇಕೀ ಡಬ್ಬಿಗಳು ಒಳಗ ಬೆಚ್ಚಗ ಮಲಗ್ಯಾವು,” ಎಂದು ಈ ಕೆಲಸ ನೋಡಲು ಬಂದವರ ಮುಂದೆ ದೂರುತ್ತಾರೆ. “ಗಾಡಿ ಕೆಟ್ರ ಹೊಸಾದು ಸಿಗತೈತಿ, ಹೋಗ್ರಿ,” ಎಂದು ಲುಬ್ನಾ ತಲೆ ಎತ್ತದೆಯೇ ಉತ್ತರಿಸುತ್ತಾರೆ.

ಲುಬ್ನಾ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವವರು. ಅಲ್ಲಿಗೆ ಹೊರಡುವ ಮುಂಚಿನ ಈ ಒಂದೆರಡು ಗಂಟೆ ಮಾತ್ರ ಅವರ ಸ್ವಂತದ್ದು. ಬೇ ಏರಿಯಾದ ಮೂಲೆಮೂಲೆಗಳಿಂದ ಜನ ಹಳೆಯ ಸ್ಪೀಕರುಗಳನ್ನು ಕಂಬಳಿಯಲ್ಲಿ ಸುತ್ತಿ ಇಲ್ಲಿಗೆ ತರುತ್ತಾರೆ. ತಿಂಗಳಿಗೆ ಮೂರು ಜೋಡಿ, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ಕಿವಿ ದಣಿಯುತ್ತದೆ ಎನ್ನುತ್ತಾರೆ. ಗರಾಜಿನ ಮುಂದೆ ಬೋರ್ಡಿಲ್ಲ. ಬಂದವರಲ್ಲಿ ಹೆಚ್ಚಿನವರು ಬಾಗಿಲು ತೆರೆದ ಲುಬ್ನಾ ಅವರನ್ನೇ “ಸೊಹೈಲ್ ಭಾಯಿ ಇದಾರಾ?” ಎಂದು ಕೇಳುತ್ತಾರೆ.

ಈ ವಿದ್ಯೆ ಬಂದದ್ದು ಗದಗಿನಿಂದ. ಅಲ್ಲಿ ಅವರ ಅಬ್ಬಾನ ಮೈಕ್ ಸೆಟ್ಟಿನ ಅಂಗಡಿಯಿತ್ತು. ಮದುವೆಗಳಲ್ಲಿ ಅಬ್ಬಾನಿಗೆ ಎರಡು ಕೆಲಸ: ಬೇವಿನ ಮರಕ್ಕೆ ಹಾರ್ನು ಕಟ್ಟುವುದು, ಊಟವಾದ ಮೇಲೆ ಆಯೇರಿ ಕೂಗುವುದು. ಯಾರು ಯಾವ ಉಡುಗೊರೆ ತಂದಿದ್ದಾರೆಂದು ಹೆಸರು ಹಿಡಿದು ಇಡೀ ಪೆಂಡಾಲಿಗೆ ಸಾರುವುದು. ಮರುದಿನ ಅಂಗಡಿಯಲ್ಲಿ ಹರಿದ ಕೋನುಗಳಿಗೆ ತೇಪೆ ಹಾಕುವುದು ಮಗಳ ಪಾಲು. “ದೊಡ್ಡವ್ರ ಬೆರಳು ಸಂದ್ಯಾಗ ಹೋಗತಿದ್ದಿಲ್ಲ. ಹಿಂಗಾಗಿ ನನ್ನ ಕುಂದ್ರಸತಿದ್ರು,” ಎಂದು ನಗುತ್ತಾರೆ ಲುಬ್ನಾ.

ಅಂಥ ಒಂದು ಮದುವೆಯ ಕ್ಯಾಸೆಟ್ಟು ಅವರೊಂದಿಗೆ ಕಡಲು ದಾಟಿ ಬಂದಿದೆ. ದುರಸ್ತಿಯಾದ ಪ್ರತಿ ಸ್ಪೀಕರಿಗೂ ಅದೇ ಪರೀಕ್ಷೆ. ಅಬ್ಬಾ ಪ್ರತಿ ಹೆಸರಿಗೂ ಮೊದಲು ಗಂಟಲು ಸರಿಮಾಡಿಕೊಂಡು ಒಮ್ಮೆ ಕೆಮ್ಮುತ್ತಾರೆ. ಆ ತಗ್ಗಿನ, ದಪ್ಪ ಕೆಮ್ಮು ಒಡೆಯದೆ ಬಂದರೆ ಸ್ಪೀಕರು ಪಾಸು. “ಹಾಡು ಹಾಕಿದ್ರ ತಪ್ಪು ಮುಚ್ಚಿ ಹೋಗತೈತ್ರಿ. ಮನಷ್ಯಾನ ಕೆಮ್ಮು ಏನೂ ಮುಚ್ಚಂಗಿಲ್ಲ.”

ಮೇಜಿನ ಮೇಲಿರುವ ಈ ಜೋಡಿ ಮಾತ್ರ ಪಾಸಾಗಲು ಒಪ್ಪುತ್ತಿಲ್ಲ. ಇದು ಫ್ರೀಮಾಂಟಿನ ನಿವೃತ್ತ ಎಂಜಿನಿಯರ್ ಜಗನ್ನಾಥ ಅವರದು. ಮೈಸೂರಿನಿಂದ ಓದಲು ಬಂದ ಹೊಸದರಲ್ಲಿ ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡದ್ದು. ಆಗಲೇ ಅದು ಒಂದು ಕೈ ದಾಟಿ ಬಂದಿತ್ತು. ವಾಲ್‌ನಟ್ ಮರದ, ಸೊಂಟದೆತ್ತರದ ಪೆಟ್ಟಿಗೆಗಳು. ಈಗ ಜಗನ್ನಾಥ ಮತ್ತು ಅವರ ಹೆಂಡತಿ ರಂಜನಿ ದೊಡ್ಡ ಮನೆ ಬಿಟ್ಟು, ಎಮರಿವಿಲ್‌ನಲ್ಲಿ ಮಗಳಿರುವ ಕಟ್ಟಡದಲ್ಲೇ ಚಿಕ್ಕ ಅಪಾರ್ಟ್‌ಮೆಂಟು ಹಿಡಿದಿದ್ದಾರೆ. ಮಗಳು ಮಾನ್ಯಾಳ ಷರತ್ತು ಒಂದೇ: “ಇಫ್ ಇಟ್ ವರ್ಕ್ಸ್, ಇಟ್ ಕಮ್ಸ್. ಅದರ್‌ವೈಸ್ ನೋ, ಅಪ್ಪ.” ಭಾನುವಾರ ಟ್ರಕ್ಕು ಬರುತ್ತದೆ. ಅಷ್ಟರೊಳಗೆ ಹಾಡಿದರೆ ಹೊಸ ಮನೆ, ಇಲ್ಲವಾದರೆ ಗುಜರಿ.

“ಹೊರಗೆ ಹಳೇದೇ ಇರ್ಲಿ. ಒಳಗೆ ಏನು ಹೊಸದು ಬೇಕೋ ಹಾಕಿ,” ಎಂದಿದ್ದರು ಜಗನ್ನಾಥ. ಲುಬ್ನಾ ಹಾಗೆಯೇ ಮಾಡಿದ್ದಾರೆ. ಕೋನಿನ ಸುತ್ತಲಿನ ಸ್ಪಂಜಿನ ಅಂಚು ಮುಟ್ಟಿದರೆ ಬೆಲ್ಲದ ಪುಡಿಯಂತೆ ಉದುರುತ್ತಿತ್ತು. ಅದನ್ನು ಕೆರೆದು ಹೊಸ ಅಂಚು ಅಂಟಿಸಿದ್ದಾರೆ. ಒಣಗಿದ ಕೆಪಾಸಿಟರುಗಳನ್ನು ಕಿತ್ತು ಒಳ್ಳೆಯವನ್ನು ಬೆಸೆದಿದ್ದಾರೆ. ನೂಲಿನಂಥ ಒಳವೈರಿನ ಜಾಗಕ್ಕೆ ದಪ್ಪ ವೈರು ಬಂದಿದೆ. ಎಡಗಡೆಯ ಸ್ಪೀಕರು ಮೊದಲ ಪರೀಕ್ಷೆಗೇ ಅಬ್ಬಾನ ಕೆಮ್ಮನ್ನು ಕೆಮ್ಮಿನಂತೆಯೇ ಕೇಳಿಸಿತು. ಬಲಗಡೆಯದು ಕರ್ ಎಂದಿತು.

“ನಂದ ತಪ್ಪು ಅಂದ್ಕೊಂಡೆ. ಅಂಚು ಸೊಟ್ಟ ಕುಂತಿರಬೇಕಂತ ಬಿಚ್ಚಿ ಮತ್ತ ಅಂಟಿಸಿದೆ. ಮತ್ತೂ ಅದ ರಾಗ.” ಇನ್ನು ಉಳಿದದ್ದು ಕೋನಿನ ನಡುವೆ ಉಬ್ಬಿಕೊಂಡಿರುವ ಬಟ್ಟೆಯ ಟೋಪಿಯನ್ನು ಕತ್ತರಿಸಿ ಒಳಗೆ ನೋಡುವುದು. ಬ್ಲೇಡು ಕೂದಲಷ್ಟು ಜಾರಿದರೂ ಕೋನು ಹರಿಯುತ್ತದೆ. ಆ ಕೋನನ್ನು ಮಾಡುವವರು ಈಗ ಯಾರೂ ಇಲ್ಲ. ಎರಡು ಮುಂಜಾವು ಬ್ಲೇಡು ಕೈಗೆತ್ತಿಕೊಂಡು ಕೆಳಗಿಟ್ಟ ಲುಬ್ನಾ, ಕೊನೆಗೆ ಜಗನ್ನಾಥರಿಗೆ ಫೋನು ಮಾಡುತ್ತಾರೆ.

“ಸರ, ಬಲಗಡೆದರ ಮ್ಯಾಲ ಎಂದರ ಏನರ ಚೆಲ್ಲಿತ್ತೇನ್ರಿ?”

“ಛೆ ಛೆ! ಇಷ್ಟು ವರ್ಷದಲ್ಲಿ ಒಬ್ರಿಗೂ ಬೆರಳು ತಾಗ್ಸೋಕೆ ಬಿಟ್ಟಿಲ್ಲ ನಾನು.”

ಹಿಂದಿನಿಂದ ರಂಜನಿಯವರ ದನಿ ಬರುತ್ತದೆ. “ಯಾಕ್ರೀ ಸುಳ್ಳು? ಆಯುಧಪೂಜೆಗೆ ನಾನು ಕುಂಕುಮ ಇಡ್ತಿರ್ಲಿಲ್ವಾ?”

“ಅದು ಪೂಜೆ ಕಣೇ. ಮುಟ್ಟೋದು ಅಂತಾರಾ ಅದಕ್ಕೆ?”

ಲುಬ್ನಾ ಮೆಲ್ಲಗೆ ಒಂದೊಂದೇ ಕೇಳಿ ತಿಳಿದುಕೊಳ್ಳುತ್ತಾರೆ. ಮದುವೆಯಾಗಿ ಬಂದ ಮೊದಲ ದಸರಾದಲ್ಲಿ ಆ ದಂಪತಿಗೆ ಕಾರಿರಲಿಲ್ಲ. ಪೂಜೆ ಮಾಡಲು ಮನೆಯಲ್ಲಿದ್ದ ಯಂತ್ರವೆಂದರೆ ಸ್ಪೀಕರೇ. ಅಕ್ಷತೆ, ಹೂವು ಜಾರಬಾರದೆಂದು ಒಂದನ್ನು ಅಂಗಾತ ಮಲಗಿಸಿದರು. ಎರಡನ್ನೂ ಮಲಗಿಸಲು ಹಾಲಿನಲ್ಲಿ ಜಾಗವಿರಲಿಲ್ಲ. ನಡುವಿನ ಗುಂಡನೆಯ ಟೋಪಿ ರಂಜನಿಯವರ ಕಣ್ಣಿಗೆ ಮುಖದ ಹಾಗೆ ಕಂಡಿತು. ಅಲ್ಲಿಗೇ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು. ಕಾರು ಬಂತು, ಮನೆ ಬಂತು, ಪದ್ಧತಿ ಬಿಡಲಿಲ್ಲ. ಪ್ರತಿ ವರ್ಷ ಅದೇ ಸ್ಪೀಕರು, ಅದೇ ಜಾಗ.

“ಅಯ್ಯೋ, ನಾನೇ ಹಾಳು ಮಾಡ್ಬಿಟ್ನಾ?” ಎನ್ನುತ್ತಾರೆ ರಂಜನಿ. ದನಿ ಸಣ್ಣದಾಗಿದೆ.

“ಹಂಗನಬ್ಯಾಡ್ರಿ ಅಕ್ಕಾರ. ರೋಗ ಯಾವುದಂತ ನೀವ ಹೇಳಿದ್ರಿ. ಕೊಯ್ಯಲೇನ್ರಿ?”

ಈ ಸಲ ಉತ್ತರ ಜಗನ್ನಾಥರದು. “ಕೊಯ್ಯಿ, ತಾಯಿ. ನಿನ್ನ ಕೈ ಮೇಲೆ ನಂಬಿಕೆ ಇದೆ.”

ಶುಕ್ರವಾರ ಬೆಳಗಿನ ಜಾವ ಲುಬ್ನಾ ಚಹಾ ಕುಡಿಯುವುದಿಲ್ಲ. ಕುಡಿದರೆ ಕೈ ನಡುಗೀತೆಂಬ ಅಂಜಿಕೆ. ಬ್ಲೇಡಿನ ತುದಿ ಟೋಪಿಯ ಅಂಟಿನ ಗೆರೆಯ ಮೇಲೆ ಇಂಚಿಂಚೇ ಸುತ್ತಿ ಬರುತ್ತದೆ. ಮುಚ್ಚಳ ಎದ್ದಾಗ, ಕಾಂತದ ನಡುವಿನ ಕಿರಿದಾದ ಸಂದಿಯಲ್ಲಿ ಕೆಂಪು ಕಾಣುತ್ತದೆ. ತೆಳುಬಟ್ಟೆಯೊಳಗಿಂದ ವರ್ಷವರ್ಷವೂ ಸೋಸಿ ಇಳಿದ ಕುಂಕುಮ ಎಣ್ಣೆಯೊಂದಿಗೆ ಗಟ್ಟಿಕಟ್ಟಿ, ಒಳಗೆ ಆಡುವ ತಂತಿಯ ಸುರುಳಿಗೆ ಉಜ್ಜುತ್ತಿದೆ. ಲುಬ್ನಾ ತೆಳ್ಳನೆಯ ರಟ್ಟಿಗೆ ಅಂಟುಟೇಪು ಸುತ್ತಿ ಸಂದಿಯಲ್ಲಿ ಇಳಿಸುತ್ತಾರೆ, ಎತ್ತುತ್ತಾರೆ, ಟೇಪು ಬದಲಿಸುತ್ತಾರೆ. ಬಂದ ಕೆಂಪು ಪುಡಿಯನ್ನು ಕಸಕ್ಕೆ ಎಸೆಯುವುದಿಲ್ಲ. ಒಂದು ಚಿಕ್ಕ ಡಬ್ಬಿಯಲ್ಲಿ ತುಂಬಿ ಮುಚ್ಚುತ್ತಾರೆ. “ಪೂಜಾದ್ದಲ್ರೀ ಅದು? ಎಲ್ಲಿ ಹಾಕಬೇಕಂಬೋದು ಅವರಿಗೆ ಗೊತ್ತಿರತೈತಿ.” ಟೇಪು ಬಿಳಿಯಾಗಿಯೇ ಮೇಲೆ ಬರುವ ಹೊತ್ತಿಗೆ ಶಾಲೆಗೆ ಹೊರಡುವ ಸಮಯವಾಗಿದೆ. ಹೊಸ ಟೋಪಿ ಅಂಟಿಸಿ, ಕೈ ತೊಳೆದು, ಓಡುತ್ತಾರೆ. ಅಂದು ಕ್ಯಾಸೆಟ್ಟು ಹಾಕುವುದಿಲ್ಲ. ಅಂಟು ಒಣಗಬೇಕು.

ಶನಿವಾರ ಬೆಳಿಗ್ಗೆ ಮೂವರೂ ಬರುತ್ತಾರೆ. ಮಾನ್ಯಾ ಕಾರಿನ ಕೀಲಿ ಕೈಯಲ್ಲೇ ಹಿಡಿದು ಬಾಗಿಲ ಬಳಿ ನಿಂತಿದ್ದಾಳೆ. ಲುಬ್ನಾ ಯಾರ ಮುಖವನ್ನೂ ನೋಡದೆ ಗುಂಡಿ ಒತ್ತುತ್ತಾರೆ.

ಮೊದಲು ಪೆಂಡಾಲಿನ ಗದ್ದಲ, ಎಲ್ಲೋ ಒಂದು ಮಗುವಿನ ಅಳು. ಆಮೇಲೆ ಆ ಕೆಮ್ಮು. ತಗ್ಗಿನ, ದಪ್ಪ, ದುಂಡನೆಯ ಕೆಮ್ಮು, ಎರಡೂ ಪೆಟ್ಟಿಗೆಗಳ ನಡುವೆ ಮನುಷ್ಯನೇ ನಿಂತಿದ್ದಾನೆ ಎನ್ನುವಷ್ಟು ಹತ್ತಿರದಿಂದ. “ಚನ್ನಬಸವ್ವ ಅವರಿಂದ ಒಂದು ಹಿತ್ತಾಳಿ ಕೊಡಾ!”

ಕರ್ ಇಲ್ಲ. ಲುಬ್ನಾ ಹಿಡಿದಿದ್ದ ಉಸಿರು ಬಿಡುತ್ತಾರೆ.

“ವೇಟ್, ಹೂ ಈಸ್ ದಿಸ್ ಅಂಕಲ್?” ಮಾನ್ಯಾ ಒಳಗೆ ಬಂದು ಸ್ಪೀಕರಿನ ಹಿಂದೆ ಇಣುಕುತ್ತಾಳೆ. “ಹೀ ಸೌಂಡ್ಸ್ ಲೈಕ್ ಹೀಸ್ ಇನ್ ದ ರೂಮ್.” ಆಮೇಲೆ ಅಪ್ಪನತ್ತ ತಿರುಗಿ, ಕಷ್ಟಪಟ್ಟು ಕನ್ನಡದಲ್ಲೇ ಹೇಳುತ್ತಾಳೆ: “ಸರಿ. ಬರ್ಲಿ.”

ಜಗನ್ನಾಥ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ರಂಜನಿ ಆಗಲೇ ಪರ್ಸಿನಿಂದ ಕುಂಕುಮದ ಭರಣಿ ತೆಗೆದಾಗಿದೆ. “ಹೊಸ ಮನೆಗೆ ಹೋಗ್ತಿರೋದು. ಬರೀ ಹಣೇಲಿ ಕಳಿಸೋದಾ?”

“ಶುರುವಾಯ್ತು ಮತ್ತೆ!” ಎನ್ನುತ್ತಾರೆ ಗಂಡ.

ಲುಬ್ನಾ ರಂಜನಿಯವರ ಕೈ ಹಿಡಿದು ಪೆಟ್ಟಿಗೆಯ ನೆತ್ತಿಗೆ, ಮರದ ಅಂಚಿಗೆ ಒಯ್ಯುತ್ತಾರೆ. “ಹಣಿ ಇಲ್ಲಿ ಐತ್ರಿ ಅಕ್ಕಾರ. ಅದು ಬಾಯಿ. ಬಾಯಾಗ ಕುಂಕುಮ ಹಾಕಬಾರದು.” ಎಲ್ಲರೂ ನಗುತ್ತಾರೆ. ವಾಲ್‌ನಟ್ ಮರದ ಮೇಲೆ ಎರಡು ಕೆಂಪು ಬೊಟ್ಟುಗಳು ಮೂಡುತ್ತವೆ. ಈ ಬಾರಿ ಎರಡೂ ಸ್ಪೀಕರುಗಳಿಗೆ.

ಕೆಂಪು ಪುಡಿಯ ಡಬ್ಬಿ ರಂಜನಿಯವರ ಪರ್ಸು ಸೇರುತ್ತದೆ. ಕಾರು ಬೀದಿಯ ತಿರುವು ದಾಟಿದ ಮೇಲೆ ಲುಬ್ನಾ ಕ್ಯಾಸೆಟ್ಟನ್ನು ಆರಂಭಕ್ಕೆ ತಿರುಗಿ ಸುತ್ತಿ ಅದರ ಡಬ್ಬಿಗೆ ಹಾಕುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ, ಬಾಗಿಲಿಗೆ ಬಂದವರು ತಮ್ಮ ಹೆಸರು ಹಿಡಿದು ಕೇಳಿದರೆ ಸಾಕು ಎನ್ನುತ್ತಾರೆ. ಡಬ್ಬಿಯ ಮುಚ್ಚಳ ಒತ್ತಿ ಮತ್ತೆ ಹೇಳುತ್ತಾರೆ:

“ಪೆಂಡಾಲಿನ ಹಿಂದಿನ ಸಾಲಿನಾಗ ಕುಂತ ಮುದಿಕಿಗೂ ತನ್ನ ಹೆಸರು ಕೇಳಬೇಕು ಅಂತಿದ್ರು ಅಬ್ಬಾ. ಇವತ್ತ ಗದಗಿನ ಚನ್ನಬಸವ್ವನ ಹೆಸರು ಎಮರಿವಿಲ್‌ಗೆ ಹೊಂಟವರಿಗೂ ಕೇಳಿಸ್ತು. ಅಲ್ಲಿಂದ ಇಲ್ಲಿತನಕ ತಂತಿ ಎಳದಾಕಿ ನಾನು.”